ಉದ್ಯಾವರದ ಉಪ್ಪು ನೀರು

ಮೊನ್ನೆ ಬೆಳ್ಮಣ್ಣಿನಲ್ಲಿ ಒಂದು ಮದುವೆಯ ಊಟ ಮುಗಿಸಿ ಅಳಿಯನ ಕಾರಿನಲ್ಲಿ ಉಡುಪಿಗೆ ಬರುತ್ತಿದ್ದೆವು. ನಂದಿಕೂರು ಹತ್ತಿರ ರಸ್ತೆ ಬದಿಯಲ್ಲಿ ಒಂದು ಹಳೆಯ ಟೆಂಪೋ ಬಾನೆಟ್ ಎತ್ತಿಕೊಂಡು ನಿಂತಿತ್ತು. ನಮ್ಮ ಕಾರಿನ ಗಾಜು ಏರಿಸಿ ಎ.ಸಿ. ಹಾಕಿದ್ದರೂ ವಾಸನೆ ಒಳಗೆ ಬಂತು.

"ಎಂತ ವಾಸನೆ ಮಾವ?" ಅಳಿಯ ಕೇಳಿದ.

"ಫ್ಯಾನ್ ಬೆಲ್ಟು ಹೋದದ್ದು. ಸುಟ್ಟ ರಬ್ಬರು" ಎಂದೆ.

ಅವನು ತಲೆ ಆಡಿಸಿ ಗಾಡಿ ಓಡಿಸಿದ. ಈಗ ಅಲ್ಲಿ ಕರೆಂಟು ಮಾಡುವ ಫ್ಯಾಕ್ಟರಿಯ ಚಿಮಣಿ ಆಕಾಶಕ್ಕೆ ನಿಂತಿದೆ, ರಸ್ತೆ ಅಗಲವಾಗಿದೆ. ನಾನು ಹುಡುಕಿದ್ದು ಎಡಗಡೆಯ ಒಂದು ಹಂಚಿನ ಮನೆಯನ್ನು. ಕಾಣಲಿಲ್ಲ. ನಲವತ್ತು ವರ್ಷಕ್ಕಿಂತ ಹೆಚ್ಚಾಯಿತು, ಆ ಮನೆಯೆದುರು ನನ್ನ ಅಂಬಾಸಿಡರ್ ಇದೇ ವಾಸನೆ ಬಿಟ್ಟುಕೊಂಡು ನಿಂತದ್ದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಉಡುಪಿ ಬಸ್ ಸ್ಟ್ಯಾಂಡಿನ ಹತ್ತಿರ ಟ್ಯಾಕ್ಸಿ ಇಟ್ಟುಕೊಂಡಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು. ಉದ್ಯಾವರ ಹೊಳೆಯ ದಡದ ಹಂಚಿನ ಕಾರ್ಖಾನೆಯಲ್ಲಿ ದೋಣಿಯಿಂದ ಮಣ್ಣು ಇಳಿಸಿ ಇಳಿಸಿ ಬೆನ್ನು ಗಟ್ಟಿಯಾದ ಮೇಲೆ ಲಾರಿ ಹತ್ತಿದೆ, ಲೈಸನ್ಸ್ ಮಾಡಿದೆ, ಹನ್ನೊಂದು ವರ್ಷ ಬೇರೆಯವರ ಗಾಡಿ ಓಡಿಸಿ ಸ್ವಂತದ್ದು ತೆಗೆದೆ. ಯಾರ ಶಿಫಾರಸೂ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಅಂದೂ ಸಂಕೋಚ ಇರಲಿಲ್ಲ, ಇಂದೂ ಇಲ್ಲ.

ಆಗ ಬೆಂಗಳೂರಿನವರಲ್ಲಿ ಒಂದು ಹೊಸ ಅಭ್ಯಾಸ ಸುರುವಾಗಿತ್ತು. ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಉಡುಪಿಯಲ್ಲಿ ಇಳಿಯುವುದು, ಒಂದು ದಿನ ತಿರುಗಾಡಿ ಅದೇ ಸಂಜೆಯ ಬಸ್ಸಿನಲ್ಲಿ ವಾಪಸು. ಲಾಡ್ಜಿನಲ್ಲಿ ಸ್ನಾನಕ್ಕೆ ಮಾತ್ರ ಒಂದು ಗಂಟೆ ರೂಮು. ಇಂಥವರಿಗೆ ನಾನು ಒಂದು ಸುತ್ತು ಮಾಡಿಟ್ಟಿದ್ದೆ. ಬೆಳಿಗ್ಗೆ ದೇವರ ದರ್ಶನ, ತಿಂಡಿ. ಆಮೇಲೆ ಮಣಿಪಾಲ ಗುಡ್ಡ ಹತ್ತಿ, ಹಿರಿಯಡಕದ ಮೇಲೆ ಕಾರ್ಕಳ. ಗೊಮ್ಮಟ ನೋಡಿ, ಊಟ ಮಾಡಿ, ಬೆಳ್ಮಣ್, ನಂದಿಕೂರು, ಪಡುಬಿದ್ರಿ ದಾಟಿ ಸಂಜೆ ಕಾಪು. ದೀಪಸ್ತಂಭ ಹತ್ತಿ ಸಮುದ್ರ ನೋಡಿ ಆರಕ್ಕೆ ಉಡುಪಿ. ಹೋದ ದಾರಿಯಲ್ಲಿ ತಿರುಗಿ ಬರುವುದಿಲ್ಲ, ಒಂದು ಲೀಟರು ಪೆಟ್ರೋಲು ವೇಸ್ಟಿಲ್ಲ.

ಈ ಕ್ರಮಕ್ಕೆ ಕಾರಣ ಉಂಟು. ಕಾರ್ಕಳದ ಗೊಮ್ಮಟ ಇರುವುದು ಬೋಳು ಬಂಡೆಯ ಮೇಲೆ. ಚಪ್ಪಲಿ ಕೆಳಗೆ ಬಿಟ್ಟು ಬಂಡೆಯಲ್ಲೇ ಕಡಿದ ಮೆಟ್ಟಿಲು ಹತ್ತಬೇಕು. ಹನ್ನೊಂದು ಗಂಟೆ ದಾಟಿದರೆ ಆ ಬಂಡೆ ದೋಸೆ ಕಾವಲಿ. ಇತ್ತ ಕಾಪುವಿನ ದೀಪಸ್ತಂಭಕ್ಕೆ ಜನ ಬಿಡುವುದು ಸಂಜೆ ನಾಲ್ಕರ ಮೇಲೆ. ಹಾಗಾಗಿ ಬಂಡೆ ಮೊದಲು, ಸಮುದ್ರ ಕೊನೆಗೆ. ಸ್ಟ್ಯಾಂಡಿನ ಬೇರೆ ಡ್ರೈವರುಗಳೂ ಇದನ್ನೇ ಹಿಡಿದರು. ಕಲ್ಯಾಣಪುರದ ಫೆಲಿಕ್ಸ್, ನನ್ನ ಪಕ್ಕದಲ್ಲಿ ಗಾಡಿ ನಿಲ್ಲಿಸುವವನು, ಇದನ್ನು "ಶೇಖರನ ಟೈಮ್ ಟೇಬಲ್" ಎನ್ನುತ್ತಿದ್ದ. ತಮಾಷೆಗೆ ಹೇಳುತ್ತಿದ್ದದ್ದು, ನನಗೆ ಮಾತ್ರ ಅದು ಬಿರುದು.

ಇನ್ನೊಂದು ನನ್ನ ಹತ್ತಿರ ಇದ್ದದ್ದು ಒಂದು ಉದ್ದ ನೋಟುಬುಕ್ಕು. ಸುತ್ತು ಮುಗಿದ ಮೇಲೆ ಕಾರಿನಲ್ಲಿ ಬಂದವರಿಂದ ಅದರಲ್ಲಿ ಎರಡು ಸಾಲು ಬರೆಸಿಕೊಳ್ಳುತ್ತಿದ್ದೆ, ಕೆಳಗೆ ಹೆಸರು, ವಿಳಾಸ. ಹೊಸ ಗಿರಾಕಿ ಬಂದರೆ ಮಾತಾಡದೆ ಅದನ್ನು ಅವರ ಕೈಗೆ ಕೊಡುವುದು. ದೊಡ್ಡ ದೊಡ್ಡ ಓದಿದವರು ಬರೆದದ್ದು. ಇಂಗ್ಲಿಷಿನಲ್ಲಿದ್ದದ್ದು ನನಗೆ ಓದಲು ಬರುತ್ತಿರಲಿಲ್ಲ, ಆದರೂ ಯಾವ ಪುಟದಲ್ಲಿ ಎಂತ ಉಂಟು ಅಂತ ಬಾಯಿಪಾಠ.

ಆ ವರ್ಷ ಶಿವರಾತ್ರಿ ಕಳೆದು ನಾಲ್ಕೈದು ದಿನಕ್ಕೆ ಬೆಂಗಳೂರು ಬಸ್ಸಿನಿಂದ ಗಂಡ ಹೆಂಡತಿ ಇಬ್ಬರು ಇಳಿದರು. ಗಂಡ ನಂಜುಂಡಯ್ಯ, ರಿಟೈರಾದ ಮೇಷ್ಟ್ರು. ಹೆಂಡತಿ ಪುಟ್ಟಲಕ್ಷ್ಮಮ್ಮ, ಅರವತ್ತು ದಾಟಿದವರು, ಕೈಯಲ್ಲಿ ಒಂದು ಬಟ್ಟೆ ಚೀಲ. ಬಸ್ಸಿನಿಂದ ಇಳಿದ ಕಾಲಿಗೇ ಆ ಅಮ್ಮ ಕೇಳಿದರು:

"ಏನಪ್ಪಾ, ಸಮುದ್ರ ಎಷ್ಟು ದೂರ ಇಲ್ಲಿಂದ?"

"ಹತ್ತಿರವೇ ಅಮ್ಮ. ಸಂಜೆ ಹೋಗುವುದುಂಟು."

"ಮೊದಲು ಅದನ್ನೇ ನೋಡ್ಬಿಡೋಣ ಕಣಪ್ಪ. ನಾನು ಹುಟ್ಟಿದಾಗಿನಿಂದ ನೋಡಿಲ್ಲ."

ನಾನು ನಕ್ಕೆ. "ಸಮುದ್ರ ಎಲ್ಲಿಗೆ ಹೋಗ್ತದೆ ಅಮ್ಮ? ಅಲ್ಲೇ ಇರ್ತದೆ. ಬಂಡೆ ಕಾದರೆ ಮತ್ತೆ ಹತ್ತಲಿಕ್ಕೆ ಆಗುವುದಿಲ್ಲ."

ಮೇಷ್ಟ್ರು ನನ್ನ ಪರವಾಗಿಯೇ ಹೇಳಿದರು. "ಅವರಿಗೆ ಗೊತ್ತಿರತ್ತೆ ಬಿಡೇ. ದಿನಾ ಇದೇ ಕೆಲಸ ಅವರಿಗೆ."

ಮಲ್ಪೆ ಸಮುದ್ರ ಆ ಬಸ್ ಸ್ಟ್ಯಾಂಡಿನಿಂದ ನಾಲ್ಕು ಮೈಲು ಇಲ್ಲ. ಸ್ನಾನ ಮಾಡುವ ಮೊದಲು ಹೋಗಿ ಬರಬಹುದಿತ್ತು. ನಮ್ಮ ಕಡೆಯವರು ಮಾತ್ರ ಮಾಡುವ ತಪ್ಪು ಇದು. ಹುಟ್ಟಿದಾಗಿನಿಂದ ಕಿವಿಯಲ್ಲಿ ಅದೇ ಸದ್ದು, ಊಟದಲ್ಲಿ ಅದರದ್ದೇ ಮೀನು. ಸಮುದ್ರ ನೋಡಲು ಸಿಗದೆ ಹೋಗಬಹುದು ಎಂಬ ಯೋಚನೆ ನಮ್ಮ ತಲೆಗೆ ಬರುವುದೇ ಇಲ್ಲ.

ಮಣಿಪಾಲದ ಗುಡ್ಡದ ಮೇಲೆ ಗಾಡಿ ನಿಲ್ಲಿಸಿ ಪಡುವಣಕ್ಕೆ ಕೈ ತೋರಿಸಿದೆ. "ಅಕ್ಕೋ, ಆ ಗೆರೆ ಕಾಣ್ತದಲ್ಲ, ಅದೇ." ಬೆಳಗಿನ ಮಬ್ಬು ಇನ್ನೂ ಹರಿದಿರಲಿಲ್ಲ. ಅಮ್ಮ ಹುಬ್ಬಿಗೆ ಕೈ ಇಟ್ಟು ತುಂಬ ಹೊತ್ತು ನೋಡಿದರು. "ಬೆಳ್ಳಗೆ ಕಾಣತ್ತೆ. ಆಕಾಶ ಯಾವುದು, ಅದು ಯಾವುದು ಗೊತ್ತಾಗಲ್ಲ" ಎಂದರು. ನಾನು ವಾಚು ನೋಡಿದೆ.

ಕಾರ್ಕಳಕ್ಕೆ ಹತ್ತೂಕಾಲಕ್ಕೆ ಮುಟ್ಟಿದೆವು. ಬಂಡೆ ಇನ್ನೂ ತಣ್ಣಗಿತ್ತು, ಮೇಷ್ಟ್ರು ಆರಾಮವಾಗಿ ಹತ್ತಿ ಇಳಿದರು. ಅಮ್ಮನಿಗೆ ಮಂಡಿ ನೋವು. ಕೆಳಗೆ ಕಾರಿನ ನೆರಳಲ್ಲಿ ಕೂತು ನನ್ನ ಹತ್ತಿರ ಮಾತಾಡಿದರು. ಮೊಮ್ಮಗಳನ್ನು ನೋಡಲು ಮರುದಿನ ಬೆಳಿಗ್ಗೆ ಗಂಡಿನವರು ಬರುವುದಿತ್ತಂತೆ, ಹಾಗಾಗಿ ಆ ಸಂಜೆ ಆರೂವರೆ ಬಸ್ಸು ತಪ್ಪಬಾರದು. ಚೀಲದಿಂದ ಒಂದು ಖಾಲಿ ಟಾನಿಕ್ ಬಾಟಲಿ ತೆಗೆದು ತೋರಿಸಿದರು. ತೊಳೆದು ಒಣಗಿಸಿ ತಂದದ್ದು. "ಸಮುದ್ರದ ನೀರು ತಗೊಂಡು ಹೋಗ್ತೀನಿ. ದೇವರ ಮನೇಲಿ ಇಡಕ್ಕೆ."

"ಅದಕ್ಕೆಂತ, ಒಂದು ಕೊಡ ತಕ್ಕೊಳ್ಳಿ" ಎಂದೆ.

ಊಟ ಮಾಡಿ ಎರಡಕ್ಕೆ ಹೊರಟೆವು. ಎಲ್ಲ ನನ್ನ ಟೈಮ್ ಟೇಬಲಿನಂತೆಯೇ. ನಂದಿಕೂರಿನಲ್ಲಿ ಮೊದಲು ವಾಸನೆ, ಆಮೇಲೆ ಪಟ್ ಎಂದು ಸದ್ದು. ಬೆಲ್ಟು ತುಂಡಾಗಿತ್ತು. ಡಿಕ್ಕಿಯಲ್ಲಿ ಯಾವಾಗಲೂ ಒಂದು ಹೊಸ ಬೆಲ್ಟು ಇಡುವವ ನಾನು. ತೆರೆದು ನೋಡಿದರೆ ಇಲ್ಲ. ಎರಡು ದಿನ ಮೊದಲು ಫೆಲಿಕ್ಸ್ ಕೇಳಿದ್ದ, ಕೊಟ್ಟಿದ್ದೆ, ಮರೆತಿದ್ದೆ.

ಆ ಹಂಚಿನ ಮನೆ ಲಿಲ್ಲಿ ಬಾಯಿಯದ್ದು. ಗಂಡ ಬಹರೈನಿನಲ್ಲಿ, ಮನೆಯಲ್ಲಿ ಅವರು ಮತ್ತು ಮಾವ. ಅವರು ಗೇಟಿಗೆ ಬಂದು, "ಎಂತ, ಗಾಡಿ ಹಾಳಾಯ್ತಾ? ಹಿರಿಯರನ್ನು ಬಿಸಿಲಿಗೆ ನಿಲ್ಲಿಸಬೇಡಿ ಮಾರಾಯ್ರೆ" ಎಂದು ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಬೊಂಡ ಕಡಿಸಿ ಎಳನೀರು ಕೊಟ್ಟರು. ನಾನು ಒಂದು ಲಾರಿಗೆ ಕೈ ತೋರಿಸಿ ಹತ್ತಿ ಪಡುಬಿದ್ರಿಗೆ ಹೋದೆ. ಗಾಡಿ ಸಾಮಾನಿನ ಅಂಗಡಿಗೆ ಬೀಗ. ಸಾಹುಕಾರರು ಮೂಲ್ಕಿಗೆ ಹೋಗಿದ್ದಾರೆ, ಈಗ ಬರ್ತಾರೆ ಎಂದರು ಪಕ್ಕದ ಅಂಗಡಿಯವರು. ಆ 'ಈಗ' ಒಂದು ಗಂಟೆ ಆಯಿತು. ಬರಲಿಲ್ಲ. ಬಸ್ಸಿನಲ್ಲಿ ವಾಪಸು ಬಂದೆ. ಲಿಲ್ಲಿ ಬಾಯಿಯ ಮಾವ ನನ್ನ ಮುಖ ನೋಡಿ ತಮ್ಮ ಸೈಕಲಿನ ಹಳೆಯ ಟ್ಯೂಬು ತಂದು ಕೊಟ್ಟರು. ಅದನ್ನು ಉದ್ದಕ್ಕೆ ಸೀಳಿ, ಹುರಿ ಮಾಡಿ, ಬೆಲ್ಟು ತಿರುಗುವ ಪುಲ್ಲಿ ಗಾಲಿಗಳಿಗೆ ಕಟ್ಟಿದೆ. ಸ್ಟಾರ್ಟ್ ಮಾಡಿದೊಡನೆ ಕಿತ್ತುಹೋಯಿತು. ಮತ್ತೆ ಕಟ್ಟಿದೆ. ಐದೂಕಾಲಾಯಿತು.

ಹೊರಡುವಾಗ ಅಮ್ಮ ಬಾಟಲಿಯನ್ನು ಚೀಲದಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಕನ್ನಡಿಯಲ್ಲಿ ಕಾಣುತ್ತಿತ್ತು.

ಗಂಟೆಗೆ ಇಪ್ಪತ್ತು ಮೈಲಿಗಿಂತ ಹೆಚ್ಚು ಓಡಿಸುವಂತಿಲ್ಲ. ಕಾಪು ಪೇಟೆಗೆ ಬಂದಾಗ ಎಡಕ್ಕೆ ಸಮುದ್ರದ ದಾರಿ. ಒಂದು ಮೈಲು ಅಷ್ಟೇ. ತೆಂಗಿನ ಮರಗಳ ಮೇಲೆ ದೀಪಸ್ತಂಭದ ತಲೆ ಕಾಣುತ್ತಿತ್ತು. ನಾನು ಗಾಡಿ ನಿಧಾನ ಮಾಡಿದೆ. ಮೇಷ್ಟ್ರು, "ಬೇಡಪ್ಪ. ಅಲ್ಲಿ ಹೋಗಿ ನಿಂತುಬಿಟ್ಟರೆ? ಬಸ್ಸು ತಪ್ಪತ್ತೆ. ನೇರ ನಡಿ" ಎಂದರು. ನಾನು ನೇರ ನಡೆದೆ.

ಉದ್ಯಾವರಕ್ಕೆ ಬರುವಾಗ ಎಂಜಿನು ಕಾದು ಮುಳ್ಳು ಕೆಂಪಿಗೆ ಹೋಗಿತ್ತು. ನೀರು ಹಾಕಲೇಬೇಕು. ನಾನು ಮಣ್ಣು ಹೊತ್ತ ಕಾರ್ಖಾನೆಯ ಅಂಗಳದಲ್ಲಿ ಬಾವಿ ಉಂಟು ಅಂತ ಗೊತ್ತಿತ್ತು. ಗಾಡಿಯನ್ನು ಹೊಳೆಬದಿಗೆ ಇಳಿಸಿದೆ. ದೋಣಿ ಕಟ್ಟುವ ಕಲ್ಲಿನ ಧಕ್ಕೆ, ಅದರಾಚೆ ಹೊಳೆ. ಭರತದ ಹೊತ್ತು, ನೀರು ತುಂಬಿ ಅಗಲವಾಗಿ ನಿಂತಿತ್ತು. ಸೂರ್ಯ ಕೆಳಗೆ ಬಂದು ಅಷ್ಟೂ ನೀರು ಕೆಂಪಗೆ ಹೊಳೆಯುತ್ತಿತ್ತು.

ಅಮ್ಮ ಬಾಗಿಲು ತೆರೆದು ಇಳಿದರು. "ಇದೇನಾಪ್ಪ?"

ನಾನು ಬಾವಿಯ ಹಗ್ಗ ಹಿಡಿದುಕೊಂಡಿದ್ದೆ. ಅವರ ಮುಖ ನೋಡಿದೆ. "ಹೌದಮ್ಮ, ಇದೇ" ಎಂದುಬಿಟ್ಟೆ.

"ಅಲೆ ಇಲ್ಲವಲ್ಲ?"

"ಸಂಜೆ ಅಲ್ವಾ ಅಮ್ಮ. ಈ ಹೊತ್ತಿಗೆ ಇಳಿದಿರ್ತದೆ."

ಮೇಷ್ಟ್ರು ಕಾರಿನೊಳಗೇ ಇದ್ದರು, ಸೇತುವೆಯ ಕಡೆ ನೋಡುತ್ತಿದ್ದರು. ಅಮ್ಮ ಕೈ ಮುಗಿದರು. ಬಾಟಲಿ ನನಗೆ ಕೊಟ್ಟರು. ನಾನು ಧಕ್ಕೆಯ ಮೆಟ್ಟಿಲಿಳಿದು ತುಂಬಿಸಿ ತಂದೆ. ಅವರು ಒಂದು ಹನಿ ನಾಲಗೆಗೆ ಮುಟ್ಟಿಸಿ, "ಉಪ್ಪು" ಎಂದರು. ಉಪ್ಪೇ. ಶಿವರಾತ್ರಿಯ ನಂತರ ಆ ಹೊಳೆಯಲ್ಲಿ ಭರತ ಬಂದಾಗ ಸಮುದ್ರ ಮೈಲುಗಟ್ಟಲೆ ಒಳಗೆ ಏರುತ್ತದೆ. ಕಾರ್ಖಾನೆಯಲ್ಲಿ ನಾವು ಯಾರೂ ಅದನ್ನು ಬಾಯಿಗೆ ಹಾಕುತ್ತಿರಲಿಲ್ಲ. ಹಾಗಾದರೆ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ಅಲ್ಲಿಯೇ ನಿಂತು ಸಮಾಧಾನ ಮಾಡಿಕೊಂಡೆ. ಆದರೆ ರೇಡಿಯೇಟರಿಗೆ ನಾನು ಹೊಳೆಯ ನೀರು ಹಾಕಲಿಲ್ಲ. ಬಾವಿಯದ್ದೇ ಹಾಕಿದೆ.

ಬಸ್ಸು ಸಿಕ್ಕಿತು. ಆ ಗಡಿಬಿಡಿಯಲ್ಲೂ ಅಭ್ಯಾಸದಂತೆ ನೋಟುಬುಕ್ಕು ಚಾಚಿದೆ. ಈಗ ಯೋಚಿಸಿದರೆ ಆ ಕೈಗೆ ಎಂತ ಹೇಳುವುದು ಗೊತ್ತಾಗುವುದಿಲ್ಲ. ಮೇಷ್ಟ್ರು ಪೆನ್ನು ಹಿಡಿದು ಸುಮ್ಮನೆ ನಿಂತರು. ಅಮ್ಮ ಅವರ ಕಿವಿಯ ಹತ್ತಿರ ಏನೋ ಹೇಳಿದರು. ಮೇಷ್ಟ್ರು ಬರೆದರು. ಬಸ್ಸು ಹೋದ ಮೇಲೆ ಓದಿದೆ, ಒಂದೊಂದೇ ಅಕ್ಷರ ಕೂಡಿಸಿ: "ಶ್ರಮಜೀವಿ. ನಂಬಿಕಸ್ಥ ಡ್ರೈವರು."

ಮರುದಿನ ಸ್ಟ್ಯಾಂಡಿನಲ್ಲಿ ಫೆಲಿಕ್ಸಿಗೆ ಎಲ್ಲ ಹೇಳಿದೆ, ಅವನು ನಗುತ್ತಾನೆ ಎಂದುಕೊಂಡು. ಯಾವ ಮಾತಿಗೂ ನಗುವ ಮನುಷ್ಯ. ಅಂದು ನಗಲಿಲ್ಲ.

"ಶೇಖರಾ, ಬೇಜಾರು ಮಾಡಬೇಡ. ಇಲ್ಲಿಂದ ಮಲ್ಪೆಗೆ ಎಷ್ಟು ದೂರ?"

"ನಾಲ್ಕು ಮೈಲು ಇಲ್ಲ."

"ಹೋಗಲಿಕ್ಕೆ ಎಷ್ಟು ಹೊತ್ತು?"

"ಹತ್ತು ನಿಮಿಷ. ಎಂತಕ್ಕೆ?"

"ಎಂತಕ್ಕೂ ಇಲ್ಲ" ಎಂದು ಅವನು ತನ್ನ ಗಾಡಿಯ ಗಾಜು ಒರೆಸತೊಡಗಿದ. ಸ್ವಲ್ಪ ಹೊತ್ತಿಗೆ ಡಿಕ್ಕಿ ತೆರೆದು ಹೊಸ ಬೆಲ್ಟು ತಂದು ನನ್ನ ಸೀಟಿನ ಮೇಲೆ ಇಟ್ಟು ಹೋದ.

ಆಮೇಲೆ ಗಿರಾಕಿಗಳು ಬಂದರು, ನಾನು ಸುತ್ತು ಹೊಡೆದೆ. ಒಬ್ಬರು ನೋಟುಬುಕ್ಕು ಮಗುಚುತ್ತ ಆ ಪುಟವನ್ನು ಹೆಂಡತಿಗೆ ಗಟ್ಟಿಯಾಗಿ ಓದಿದರು, "ನೋಡು, ನಂಬಿಕಸ್ಥರಂತೆ." ನನಗೆ ಬೆನ್ನಿಗೆ ಯಾರೋ ಕಲ್ಲು ಹಾಕಿದ ಹಾಗೆ. ಅಂದಿನಿಂದ ನೋಟುಬುಕ್ಕು ತೋರಿಸುವುದನ್ನು ಬಿಟ್ಟೆ. ಪುಟ ಹರಿಯಬಹುದಿತ್ತು. ಆದರೆ ಅದರ ಕೆಳಗೆ ವಿಳಾಸ ಇತ್ತು.

ಒಂದು ಭಾನುವಾರ ಅಂಚೆ ಕಾರ್ಡು ಹಿಡಿದು ಕೂತೆ. ನನ್ನ ಹೆಂಡತಿ ಸುಂದರಿ ಏಳನೇ ಕ್ಲಾಸು ಪಾಸು, ಅವಳ ಅಕ್ಷರ ಮುತ್ತು. ಅವಳ ಕೈಯಲ್ಲಿ ಬರೆಸಲು ಮನಸ್ಸು ಒಪ್ಪಲಿಲ್ಲ. ಮೂರು ಕಾರ್ಡು ಹಾಳಾಯಿತು. ಅವಳು ಒಲೆಯ ಹತ್ತಿರದಿಂದ, "ಸರಕಾರಕ್ಕೆ ಅರ್ಜಿಯಾ? ಇಷ್ಟು ಬೆವರುವುದು?" ಎಂದಳು. ನಾಲ್ಕನೆಯದರಲ್ಲಿ ಇಷ್ಟು ಬರೆದೆ: "ಅಮ್ಮನವರಿಗೆ ತೋರಿಸಿದ್ದು ಉದ್ಯಾವರ ಹೊಳೆ. ಸಮುದ್ರ ಅಲ್ಲ. ನನ್ನಿಂದ ತಪ್ಪಾಯಿತು. ಇನ್ನೊಮ್ಮೆ ಬನ್ನಿ. ಬಾಡಿಗೆ ಬೇಡ. ಮೊದಲು ಸಮುದ್ರ."

ಉತ್ತರ ಬರಲಿಲ್ಲ. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಪೋಸ್ಟ್‌ಮ್ಯಾನ್ ಸ್ಟ್ಯಾಂಡಿನ ಹತ್ತಿರ ಬಂದರೆ ನಾನು ಬೇರೆ ಕಡೆ ನೋಡಿ ನಿಲ್ಲುತ್ತಿದ್ದೆ. ಸೆಕೆ ಏರಿತು. ಕಾರಿನ ಸೀಟಿಗೆ ಒದ್ದೆ ಬಟ್ಟೆ ಹಾಸಿ ಕೂರುವ ಕಾಲ. ಮೇ ತಿಂಗಳ ನಡುವೆ, ಸಮುದ್ರದಲ್ಲಿ ಗಾಳಿ ಎದ್ದು ದೋಣಿಗಳನ್ನು ಮೇಲೆ ಎಳೆದು ಕಟ್ಟಲು ಸುರು ಮಾಡಿದ ವಾರ, ಕಾರ್ಡು ಬಂತು. ಮೇಷ್ಟ್ರದ್ದು. ಮೊಮ್ಮಗಳ ಮದುವೆ ಏಪ್ರಿಲಿನಲ್ಲಿ ಮುಗಿಯಿತು, ಶುಕ್ರವಾರ ಬೆಳಿಗ್ಗೆ ಬರುತ್ತೇವೆ, ಅಷ್ಟೇ ಇತ್ತು. ನದಿಯ ಮಾತು ಇಲ್ಲ, ತಪ್ಪಿನ ಮಾತೂ ಇಲ್ಲ. ಆ ಗುರುವಾರ ನಾನು ಗಾಡಿ ತೊಳೆದೆ. ಬೆಲ್ಟು ಎರಡು ಇಟ್ಟೆ.

ಶುಕ್ರವಾರ ಅವರು ಬಸ್ಸಿನಿಂದ ಇಳಿದಾಗ ಅದೇ ಬಟ್ಟೆ ಚೀಲ. "ಕಾಫಿ ಕುಡಿದು..." ಎಂದು ಮೇಷ್ಟ್ರು ಬಾಯಿ ತೆರೆದರು.

"ಕಾಫಿ ಆಮೇಲೆ" ಎಂದೆ.

ಬೇಕಾದರೆ ಮಲ್ಪೆ ತೋರಿಸಬಹುದಿತ್ತು. ಆದರೆ ಅಂದು ನಾನು ಬಿಟ್ಟು ಬಂದ ದಾರಿ ಕಾಪುವಿನದ್ದು. ಉದ್ಯಾವರದ ಸೇತುವೆ ದಾಟುವಾಗ ನಾನು ಕನ್ನಡಿ ನೋಡಲಿಲ್ಲ.

ಕಾಪುವಿನಲ್ಲಿ ದೀಪಸ್ತಂಭದ ಬಾಗಿಲಿಗೆ ಬೀಗ. ಮರಳಿನಲ್ಲಿ ನಾಲ್ಕು ಜನ ಬಲೆ ಒಣಗಿಸುತ್ತಿದ್ದರು, ಅಷ್ಟೇ. ಮಳೆಗಾಲದ ಮೊದಲಿನ ಅಲೆ. ಬಂಡೆಗೆ ಹೊಡೆದು ಆಳೆತ್ತರ ಏಳುತ್ತಿತ್ತು. ಅಮ್ಮ ಮೇಷ್ಟ್ರ ಕೈ ಬಿಟ್ಟು ಮುಂದೆ ನಡೆದರು. ನೀರು ಬಂದು ಸೀರೆ ಮೊಣಕಾಲವರೆಗೆ ಒದ್ದೆ ಮಾಡಿತು. ಹಿಂದೆ ಸರಿಯಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತರೋ, ನಾನು ಅಂದು ವಾಚು ನೋಡಲಿಲ್ಲ.

ತಿರುಗಿ ನನ್ನನ್ನು ಕರೆದರು. "ಡ್ರೈವರಪ್ಪ, ಬಾ ಇಲ್ಲಿ. ಇದಕ್ಕೆ ಆಚೆ ದಡ ಎಲ್ಲಿದೆ?"

"ಇಲ್ಲಮ್ಮ."

"ಅವತ್ತಿನದಕ್ಕೆ ಇತ್ತು. ತೆಂಗಿನ ಮರ, ಒಂದು ಹಸು, ಬಟ್ಟೆ ಒಗೆಯೋ ಹೆಂಗಸು. ಎಲ್ಲ ಕಾಣ್ತಿತ್ತು ನನಗೆ."

"ಮತ್ತೆ ನೀವು ಅಂದೇ ಯಾಕೆ..."

"ಏನಂತ ಹೇಳೋದು? ಕೈಯೆಲ್ಲ ಮಸಿ, ಅಂಗಿ ಹರಿದಿತ್ತು, ಊಟ ಆದಾಗಿನಿಂದ ನೀರು ಕೂಡ ಕುಡಿದಿರಲಿಲ್ಲ ನೀನು. ಇವರು ಬಸ್ಸಿನ ಹತ್ತಿರ ಪೆನ್ನು ಹಿಡಿದು ಸಿಟ್ಟಲ್ಲಿ ನಿಂತಿದ್ರು. ನಾನೇ ಅಂದೆ, ಒಳ್ಳೇದು ಬರೀರಿ, ಬರೆದರೆ ಹಾಗೇ ಆಗ್ತಾನೆ ಅಂತ."

ಮೇಷ್ಟ್ರು ಹಿಂದಿನಿಂದ, "ಮೂವತ್ತೈದು ವರ್ಷ ಭೂಗೋಳ ಪಾಠ ಮಾಡಿದವನು ಕಣಯ್ಯ ನಾನು" ಎಂದರು. ಮೊದಲ ಬಾರಿ ಅವರು ನಕ್ಕದ್ದು ನೋಡಿದೆ. ನನಗೆ ನಗಲು ಬರಲಿಲ್ಲ.

ಅಮ್ಮ ಚೀಲದಿಂದ ಅದೇ ಟಾನಿಕ್ ಬಾಟಲಿ ತೆಗೆದರು. ಒಳಗೆ ಉದ್ಯಾವರದ ನೀರು ಹಾಗೆಯೇ ಇತ್ತು, ತಳದಲ್ಲಿ ಸ್ವಲ್ಪ ಕೆಸರು. ಮುಚ್ಚಳ ಬಿಚ್ಚಿ ಬಗ್ಗಿ ಅಲೆಗೆ ಸುರಿದರು. "ಇಲ್ಲಿಗೆ ಬರೋ ದಾರೀಲಿ ಇತ್ತು ಪಾಪ. ನಾನು ಹಿಡ್ಕೊಂಡು ಹೋಗಿದ್ದೆ."

"ಕೊಡಿ ಅಮ್ಮ, ಇದರದ್ದು ತುಂಬಿಸಿ ಕೊಡ್ತೇನೆ."

"ಬೇಡಪ್ಪ. ನೋಡಾಯ್ತಲ್ಲ."

ಉಡುಪಿಗೆ ಬಂದು ಅವರ ಸ್ನಾನ, ತಿಂಡಿ, ದರ್ಶನ ಎಲ್ಲ ಮುಗಿಸಿ ಕಾರ್ಕಳ ಮುಟ್ಟುವಾಗ ಹನ್ನೆರಡೂವರೆ. ಮೇ ತಿಂಗಳ ಬಿಸಿಲು. ಮೇಷ್ಟ್ರು, ಬಂದದ್ದು ಬಂದೆ, ಇನ್ನೊಮ್ಮೆ ಗೊಮ್ಮಟನ್ನ ನೋಡ್ತೀನಿ ಎಂದು ಹಟ ಹಿಡಿದರು. ರಾತ್ರಿ ಬಸ್ಸಿನ ಚಳಿಗೆಂದು ತಂದ ಉಣ್ಣೆಯ ದಪ್ಪ ಕಾಲುಚೀಲ ಹಾಕಿಕೊಂಡರು. ನನ್ನ ಹತ್ತಿರ ಇರಲಿಲ್ಲ. ನಾನು ಯಾವತ್ತೂ ಹತ್ತುವವನಲ್ಲ, ಕೆಳಗೆ ಗಾಡಿಯ ಹತ್ತಿರ ನಿಲ್ಲುವವನು.

"ಒಬ್ಬರನ್ನೇ ಕಳಿಸ್ಬೇಡಪ್ಪ, ವಯಸ್ಸಾಗಿದೆ" ಎಂದು ಅಮ್ಮ ನೆರಳಿನಿಂದ ಹೇಳಿದರು.

ಚಪ್ಪಲಿ ಬಿಟ್ಟೆ. ಮೇಷ್ಟ್ರು ಹತ್ತು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಕಾವಲಿಯಂತೆ ಕಾದ ಬಂಡೆಯ ಮೇಲೆ ಅವರು ನಿಂತಲ್ಲಿ ನಾನೂ ಬರಿಗಾಲಲ್ಲಿ ನಿಂತೆ.